ಬಿಸಿಗೆ ಬಣ್ಣ ಬದಲಿಸುವ ಮೋಟಾರ್ ಸೈಕಲ್

ಮೋಟಾರ್ ಸೈಕಲ್ಲನ್ನು ತಮ್ಮ ಅಭಿರುಚಿಗೆ ತಕ್ಕಂತೆ ಸಿಂಗರಿಸಿಕೊಳ್ಳುವ ಹವ್ಯಾಸವು ಅಮೆರಿಕ, ಜಪಾನ್ ಮೊದಲಾದ ದೇಶಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಅಂತಹ ಕೆಲವು ವಾಹನಗಳ ಪೆಟ್ರೋಲ್ ತೊಟ್ಟಿಯ ಮೇಲೆ ವಿಚಿತ್ರವಾದೊಂದು ಲೇಪವನ್ನು ಕಾಣಬಹುದು. ನೋಡುವುದಕ್ಕೆ ಅದು ಕಪ್ಪು. ಆದರೆ ಅಂಗೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಒತ್ತಿ ತೆಗೆದರೆ ಕಪ್ಪು ಅಳಿದು, ಅಂಗೈಯ ಆಕಾರದಲ್ಲಿಯೇ ಕೆಂಪು ಮೂಡುವುದು; ತುಸು ಹೊತ್ತಿನಲ್ಲಿ ಆ ಗುರುತು ಮರಳಿ ಕಪ್ಪಿನಲ್ಲಿ ಕರಗಿಹೋಗುವುದು. ಗೋಸುಂಬೆಯನ್ನು ನೆನಪಿಗೆ ತರುವ ಈ ಲೇಪದ ಮರ್ಮವೇನು? ಇದು ಬರಿಯ ಸೊಗಸೇ, ಅಥವಾ ಸವಾರನಿಗೆ ಇದರಿಂದ ಉಪಯೋಗವೂ ಉಂಟೆ? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸೋಣ.

ಇಲ್ಲಿ ಬಿಸಿಯಿಂದ ಹೊಸ ಬಣ್ಣ ಹುಟ್ಟುವುದಿಲ್ಲ, ಇದ್ದ ಬಣ್ಣ ಮರೆಯಾಗುವುದು ಎಂಬುದನ್ನು ನಾವು ಮೊದಲು ಗಮನಿಸಬೇಕು. ಲೋಹದ ಮೇಲೆ ಸಾಮಾನ್ಯವಾದ ಕೆಂಪು ಬಣ್ಣ, ಅದರ ಮೇಲೆ ಉಷ್ಣಸಂವೇದಿಯಾದ ಕಪ್ಪು ಲೇಪ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ವಾರ್ನಿಷ್, ಹೀಗೆ ಪದರಗಳಿರುತ್ತವೆ. ಕಪ್ಪು ಪದರವು ಬಣ್ಣಗೆಟ್ಟಾಗ ಅಡಿಯಲ್ಲಿರುವ ಕೆಂಪು ಕಾಣಿಸುವುದು.

ಈ ಕಪ್ಪು ಪದರದಲ್ಲಿ ಅಸಂಖ್ಯ ಸೂಕ್ಷ್ಮ ಕೋಶಗಳು ಹುದುಗಿವೆ. ಒಂದೊಂದರ ವ್ಯಾಸವೂ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಕೆಲವು ಭಾಗಗಳಷ್ಟು ಮಾತ್ರ. ಪ್ರತಿ ಕೋಶದೊಳಗೂ ವರ್ಣಜನಕವೊಂದು, ದುರ್ಬಲ ಆಮ್ಲವೊಂದು, ಮೇಣದಂತಹ ದ್ರಾವಕವೊಂದು, ಹೀಗೆ ಮೂರು ವಸ್ತುಗಳಿರುತ್ತವೆ. ವರ್ಣಜನಕಗಳಲ್ಲಿ ಕ್ರಿಸ್ಟಲ್ ವಯೊಲೆಟ್ ಲ್ಯಾಕ್ಟೋನ್ ಪ್ರಸಿದ್ಧವಾದುದು. ತಾನಾಗಿ ಅದಕ್ಕೆ ಬಣ್ಣವಿಲ್ಲ. ಆಮ್ಲದ ಸಂಪರ್ಕವಾದೊಡನೆ ಅದರ ಅಣುವಿನಲ್ಲಿರುವ ಉಂಗುರವೊಂದು ತೆರೆದುಕೊಂಡು, ಎಲೆಕ್ಟ್ರಾನುಗಳ ಸಂಚಾರಕ್ಕೆ ಹೆಚ್ಚಿನ ವಿಸ್ತಾರ ದೊರೆಯುವುದು; ಆಗ ಅಣುವು ಕಣ್ಣಿಗೆ ಕಾಣುವ ಬೆಳಕಿನ ಒಂದಂಶವನ್ನು ಹೀರಿಕೊಂಡು ಗಾಢವಾದ ನೇರಿಳೆ ನೀಲಿಯಾಗಿ ತೋರುವುದು. ಕಪ್ಪಿಗೆ ಬೇರೆ ವರ್ಣಜನಕಗಳಿವೆ; ತತ್ತ್ವ ಒಂದೇ.

ದ್ರಾವಕವು ಘನರೂಪದಲ್ಲಿರುವಾಗ ವರ್ಣಜನಕವೂ ಆಮ್ಲವೂ ಒಂದನ್ನೊಂದು ಬಿಡದೆ ಇರುವುದರಿಂದ ಬಣ್ಣವಿರುತ್ತದೆ. ದ್ರಾವಕ ಕರಗಿದಾಗ ಆಮ್ಲವು ಅದರೊಡನೆ ಬೆರೆತು ದೂರವಾಗುವುದು, ಉಂಗುರ ಮತ್ತೆ ಮುಚ್ಚಿಕೊಳ್ಳುವುದು, ಬಣ್ಣ ಮಾಯವಾಗುವುದು. ಆದ್ದರಿಂದ ಬಣ್ಣ ಬದಲಾಗುವ ಉಷ್ಣತೆಯನ್ನು ಮುಖ್ಯವಾಗಿ ನಿರ್ಧರಿಸುವುದು ದ್ರಾವಕದ ಕರಗುವ ಬಿಂದು. ಡೋಡೆಕನಾಲ್ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ಟೆಟ್ರಾಡೆಕನಾಲ್ ಸುಮಾರು 38 ಡಿಗ್ರಿಯಲ್ಲಿಯೂ ಕರಗುವುವು. ಅಂಗೈಯ ಕಾವಿಗೆ ಒಪ್ಪುವಂತೆ 31 ಡಿಗ್ರಿಯ ಲೇಪಗಳೇ ಹೆಚ್ಚಾಗಿ ದೊರೆಯುತ್ತವೆ. ನಮ್ಮ ರಾಯಚೂರಿನ ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ವಾಹನಕ್ಕೆ ಇದನ್ನು ಬಳಿದರೆ ಹಗಲೆಲ್ಲ ಕೆಂಪನ್ನೇ ನೋಡಬೇಕಾದೀತು!

ಅಳಿದ ಬಣ್ಣವು ಅಳಿದ ಉಷ್ಣತೆಯಲ್ಲಿಯೇ ಮರಳುವುದಿಲ್ಲ, ಅದಕ್ಕಿಂತ ಕೆಳಗಿಳಿಯಬೇಕು. ಜಪಾನಿನ ಪೈಲಟ್ ಸಂಸ್ಥೆಯವರು 2006ರಲ್ಲಿ ಯೂರೋಪಿನ ಮಾರುಕಟ್ಟೆಗೆ ತಂದ ಫ್ರಿಕ್ಷನ್ ಲೇಖನಿಯಲ್ಲಿ ಈ ಅಂತರವನ್ನು ಬೇಕೆಂದೇ ಬಹಳ ಹಿಗ್ಗಿಸಿದ್ದಾರೆ. ಉಜ್ಜಿದಾಗ ಹುಟ್ಟುವ ಸುಮಾರು 60 ಡಿಗ್ರಿಯ ಕಾವಿಗೆ ಅಕ್ಷರ ಅಳಿಯುವುದು. ನೀರು ಹೆಪ್ಪುಗಟ್ಟುವುದಕ್ಕಿಂತಲೂ ಹೆಚ್ಚಿನ ಚಳಿಯಲ್ಲಿಟ್ಟರೆ ಮಾತ್ರ ಮತ್ತೆ ಮೂಡುವುದು.

ಇನ್ನು ಉಪಯೋಗದ ಪ್ರಶ್ನೆ. ಸವಾರನ ಕಾಲನ್ನು ಸುಡುವ ಭಾಗ ಸೈಲೆನ್ಸರ್. ಎಚ್ಚರಿಕೆಯ ಬಣ್ಣ ಬೇಕಾದುದು ಅಲ್ಲಿ. ಆದರೆ ಎಂಜಿನ್ನಿನಿಂದ ಹೊರಡುವ ಹೊಗೆಕೊಳವೆಯ ಉಷ್ಣತೆ ಹಲವು ನೂರು ಡಿಗ್ರಿಗಳಿಗೇರುವುದುಂಟು. ಅಷ್ಟು ಕಾವನ್ನು ಈ ಸೂಕ್ಷ್ಮ ಕೋಶಗಳೂ ಅವುಗಳೊಳಗಿನ ವಸ್ತುಗಳೂ ತಾಳಲಾರವು. ಬಿಸಿಲಿನ ಅತಿನೇರಿಳೆ ಕಿರಣಗಳೂ ವರ್ಣಜನಕವನ್ನು ಕ್ರಮೇಣ ಕೆಡಿಸುತ್ತವೆ. ಹೀಗಾಗಿ ಇದು ತೊಟ್ಟಿಯ ಅಲಂಕಾರಕ್ಕೆ ಸಲ್ಲುವುದೇ ಹೊರತು ಸೈಲೆನ್ಸರಿನ ಕಾವಲಿಗೆ ಒದಗುವುದಿಲ್ಲ.

ಹೆಚ್ಚಿನ ಕಾವಿಗೆ ಬೇರೆ ಬಗೆಯ ಬಣ್ಣಗಳಿವೆ. ಉಳಿಗೆ ಹದ ಕೊಡುವ ಕಮ್ಮಾರನನ್ನು ನೋಡಿರಿ. ಉಜ್ಜಿದ ಉಕ್ಕು ಸುಮಾರು 230 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣವನ್ನೂ, ಸುಮಾರು 300ರಲ್ಲಿ ನೀಲಿಯನ್ನೂ ತಳೆಯುವುದು. ಮೇಲೆ ಕಟ್ಟುವ ಆಕ್ಸೈಡಿನ ಪೊರೆ ದಪ್ಪವಾದಂತೆ ಬೆಳಕಿನ ವ್ಯತಿಕರಣದಿಂದ ಬಣ್ಣ ಬದಲಾಗುವುದು. ಹೊಗೆಕೊಳವೆಗಳು ನೀಲಿಗಟ್ಟುವುದಕ್ಕೂ ಇದೇ ಕಾರಣ. ಓಟದ ವಾಹನಗಳ ಬ್ರೇಕ್ ತಟ್ಟೆಗಳಿಗೆ ಬಳಿಯುವ ಲೇಪಗಳಲ್ಲಿ ಹಸುರು ಸುಮಾರು 430 ಡಿಗ್ರಿಯಲ್ಲಿ ಬಿಳಿಯಾಗುವುದು, ಕಿತ್ತಳೆ 560ರಲ್ಲಿ ಹಳದಿಯಾಗುವುದು. ಇಲ್ಲಿ ಬಣ್ಣವು ಪ್ರಾಣರಕ್ಷಣೆಯ ವಿಷಯ. ಡಾಟ್ 4 ವರ್ಗದ ಬ್ರೇಕ್ ದ್ರವವು ಹೊಸದಾಗಿರುವಾಗ 230 ಡಿಗ್ರಿಗಿಂತ ಮೊದಲು ಕುದಿಯಕೂಡದೆಂದು ನಿಯಮವಿದೆ. ತೇವ ಹೀರಿದ ದ್ರವಕ್ಕೆ ಆ ಮಿತಿ 155 ಮಾತ್ರ. ತಟ್ಟೆಯ ಕಾವು ಹರಿದು ದ್ರವ ಕುದಿದರೆ ಆವಿ ಅದುಮಿಕೊಂಡು, ಬ್ರೇಕ್ ಹಿಡಿಯುವುದೇ ಇಲ್ಲ.

ಆದರೆ ಈ ಎರಡು ಬಗೆಗಳಿಗೆ ಮುಖ್ಯವಾದೊಂದು ವ್ಯತ್ಯಾಸವಿದೆ. ತೊಟ್ಟಿಯ ಲೇಪ ಹೇಳುವುದು ವರ್ತಮಾನವನ್ನು. ಬ್ರೇಕ್ ತಟ್ಟೆಯ ಲೇಪವೂ ಕೊಳವೆಯ ನೀಲಿಯೂ ಹೇಳುವುದು ಭೂತಕಾಲವನ್ನು. ನೀಲಿಗಟ್ಟಿದ ಕೊಳವೆ ಈಗ ತಣ್ಣಗಿರಬಹುದು. ಹೊಳೆಯುವ ಹೊಸ ಕೊಳವೆ ಈ ಕ್ಷಣದಲ್ಲಿಯೇ ಚರ್ಮವನ್ನು ಸುಡುವಷ್ಟು ಕಾದಿರಬಹುದು. ಆದುದರಿಂದ ಬಣ್ಣ ಏನೇ ಇರಲಿ, ಆಗತಾನೆ ಓಡಿ ಬಂದು ನಿಂತ ವಾಹನದ ಸೈಲೆನ್ಸರಿನಿಂದ ಕಾಲನ್ನು ದೂರವಿರಿಸಿಕೊಳ್ಳುವುದೇ ಮೇಲು.