ಕಾಪ್ರಿಯ ಅರಮನೆ, ಚಂದ್ರವಳ್ಳಿಯ ನಾಣ್ಯ

ಚಿತ್ರದುರ್ಗದ ಬೆಟ್ಟಗಳ ನಡುವಿನ ಚಂದ್ರವಳ್ಳಿಯಲ್ಲಿ ನೆಲ ಅಗೆದವರಿಗೆ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವುಗಳ ಮೇಲಿರುವ ತಲೆ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳದು. ನಮ್ಮ ಹಂದನಕೆರೆಯ ತೆಂಗಿನ ಸಾಲುಗಳನ್ನು ಬಿಟ್ಟು ಹುಳಿಯಾರು, ಹಿರಿಯೂರು ಹಾದು ಹೊರಟರೆ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಜಾಗ ಅದು. ಕಡಲಾದರೋ ಅಲ್ಲಿಂದ ಬಲು ದೂರ, ಘಟ್ಟದ ಕೆಳಗೆ.

ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಕೊನೆಯ ಹತ್ತು ವರ್ಷ ಅವನು ರೋಮ್ ನಗರದಲ್ಲಿರಲಿಲ್ಲ. ನೇಪಲ್ಸ್ ಕೊಲ್ಲಿಯ ಕಾಪ್ರಿ ದ್ವೀಪದಲ್ಲಿ, ಕಡಲಿನಿಂದ ಸುಮಾರು 330 ಮೀಟರ್ ಎತ್ತರದ ಬಂಡೆಯ ನೆತ್ತಿಯ ಮೇಲೆ ಕಟ್ಟಿಸಿಕೊಂಡ ಅರಮನೆಯಿಂದಲೇ ಆಡಳಿತ ನಡೆಸಿದ. ವಿಲ್ಲಾ ಯೋವಿಸ್ ಎಂದು ಕರೆಯುವ ಆ ಅರಮನೆಯ ಅವಶೇಷಗಳನ್ನು ನೋಡಲು ಇಂದಿಗೂ ಜನ ಬೆಟ್ಟ ಹತ್ತುತ್ತಾರೆ. ಕೆರೆ ನಂಬಿ ಬದುಕಿದ ನಮ್ಮ ಕಡೆಯವರು ಅಲ್ಲಿ ಮೊದಲು ನೋಡಬೇಕಾದದ್ದು ಮಳೆನೀರಿನ ತೊಟ್ಟಿಗಳನ್ನು. ಬಂಡೆಯ ಮೇಲೆ ಬೇರೆ ನೀರಿಲ್ಲ. ಆದ್ದರಿಂದ ಕಟ್ಟಡದ ನಟ್ಟನಡುವೆ ಕಮಾನು ಚಾವಣಿಯ ದೊಡ್ಡ ತೊಟ್ಟಿಗಳನ್ನು ಕಟ್ಟಿ, ಅವುಗಳ ಸುತ್ತಲೂ ಅರಮನೆ ಎಬ್ಬಿಸಿದ್ದಾರೆ.

ಅಂಥ ದೊರೆಯ ಹಣ ಚಂದ್ರವಳ್ಳಿಯವರೆಗೆ ಬಂದದ್ದು ಮುಂಗಾರಿನ ಗಾಳಿಯಿಂದ. ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ಆ ಗಾಳಿ ಹಿಡಿದು ನೇರವಾಗಿ ನಮ್ಮ ಪಡುವಣ ಕರಾವಳಿಗೆ ಬರುತ್ತಿದ್ದವು. ಗಾಳಿ ತಿರುಗಿದಾಗ ಮೆಣಸು, ಮುತ್ತು, ನವುರಾದ ಬಟ್ಟೆ ತುಂಬಿಕೊಂಡು ಮರಳುತ್ತಿದ್ದವು. ಆ ಬಂದರುಗಳಲ್ಲೊಂದಾದ ಬೆರೆನಿಕೆಯ ಉತ್ಖನನದಲ್ಲಿ ಭಾರತದ ಮಣ್ಣಿನ ಹರವಿಯೊಳಗೆ ಏಳೂವರೆ ಕಿಲೋದಷ್ಟು ಕರಿಮೆಣಸು ಸಿಕ್ಕಿದೆ. ತೆಂಗಿನಕಾಯಿಯ ಚೂರುಗಳೂ ಸಿಕ್ಕಿವೆ. ಕೊಬ್ಬರಿ ಸೀಮೆಯವನಾದ ನನಗೆ ಈ ಸಂಗತಿ ಮೆಣಸಿಗಿಂತ ಹೆಚ್ಚು ಖುಷಿ ಕೊಟ್ಟಿತು.

ಹೆಂಗಸರ ಒಡವೆಗಾಗಿ ನಮ್ಮ ಹಣ ಪರದೇಶದ ಪಾಲಾಗುತ್ತಿದೆ ಎಂದು ಟೈಬೀರಿಯಸ್ಸನೇ ಸೆನೆಟ್ಟಿಗೆ ಪತ್ರ ಬರೆದು ಅಸಮಾಧಾನ ತೋಡಿಕೊಂಡಿದ್ದ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಭಾರತಕ್ಕೆ ಹೋಗುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಲೆಕ್ಕ ಹೇಳಿದ. ಹಾಗೆ ಹರಿದುಬಂದ ಬೆಳ್ಳಿಯ ಒಂದು ಪಾಲು ನಮ್ಮ ಒಳನಾಡಿಗೂ ತಲುಪಿತ್ತು. 1891ರಲ್ಲಿ ಯಶವಂತಪುರದ ಬಳಿ ರೈಲು ದಾರಿಗೆ ಮಣ್ಣು ಅಗೆಯುವಾಗ ಸಿಕ್ಕಿದ್ದು 163 ರೋಮನ್ ನಾಣ್ಯಗಳು. ಚಿತ್ರದುರ್ಗದ ಸುತ್ತ ಆಗ ಮಹಾರಠಿಗಳೆಂಬ ಸ್ಥಳೀಯ ಒಡೆಯರ ಸೀಸದ ನಾಣ್ಯ ಚಲಾವಣೆಯಲ್ಲಿತ್ತು. ಸೀಸ ಎಣಿಸುತ್ತಿದ್ದ ಕೈಗಳಿಗೆ ರೋಮಿನ ಬೆಳ್ಳಿ ಎಷ್ಟು ಬೆಲೆಯುಳ್ಳದ್ದಾಗಿ ಕಂಡಿರಬೇಕು!

ಇದೆಲ್ಲ ಬೆಳಕಿಗೆ ಬಂದದ್ದು ಒಂದೇ ಸಲಕ್ಕಲ್ಲ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಚಂದ್ರವಳ್ಳಿಯತ್ತ ಗಮನ ಹರಿಸಿದರು. 1929ರ ಹೊತ್ತಿಗೆ ಡಾ. ಎಂ.ಎಚ್. ಕೃಷ್ಣ ವಿಸ್ತಾರವಾಗಿ ಅಗೆಸಿದರು. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದದ್ದು 1947ರಲ್ಲಿ.

ವೀಲರ್ ಹುಡುಕುತ್ತಿದ್ದದ್ದು ನಾಣ್ಯಕ್ಕಿಂತ ಹೆಚ್ಚಾಗಿ ಮಡಕೆ ಚೂರು. ನಾಣ್ಯವನ್ನು ತಲೆಮಾರುಗಟ್ಟಲೆ ಜೋಪಾನ ಮಾಡುತ್ತಾರೆ. ಒಡೆದ ತಟ್ಟೆಯನ್ನು ಅಂದೇ ತಿಪ್ಪೆಗೆ ಎಸೆಯುತ್ತಾರೆ; ಹಾಗಾಗಿ ಪದರದ ಕಾಲವನ್ನು ಚೂರೇ ಹೆಚ್ಚು ಸರಿಯಾಗಿ ಹೇಳುತ್ತದೆ. ಎರಡು ವರ್ಷ ಮೊದಲು ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅವರಿಗೆ ಇಟಲಿಯ ಅರೆಝೊ ಊರಿನ ಕೆಂಪು ಊಟದ ತಟ್ಟೆಗಳ ಚೂರು ಸಿಕ್ಕಿದ್ದವು. ಅವು ತಯಾರಾದ ಕಾಲ ಇಟಲಿಯಲ್ಲಿ ಖಚಿತವಾಗಿ ಗೊತ್ತಿತ್ತು. ಅದೇ ನೆಲದಲ್ಲಿ, ಒಳತಳದಲ್ಲಿ ಸುತ್ತುಸುತ್ತಾಗಿ ಸಣ್ಣ ಗೆರೆ ಒತ್ತಿದ ಇನ್ನೊಂದು ಬಗೆಯ ತಟ್ಟೆಯೂ ಇತ್ತು. ಆ ಗೆರೆ ತಟ್ಟೆ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲೂ ಸಿಕ್ಕಿತು. ಅದು ಇದ್ದ ಪದರ ಕ್ರಿ.ಶ. ಒಂದನೆಯ ಶತಮಾನದ್ದು ಎಂದಾಯಿತು. ಅದರ ಕೆಳಗಿನ ಬೃಹತ್ ಶಿಲಾ ಸಮಾಧಿಗಳ ಕಾಲ, ಅದಕ್ಕೂ ಕೆಳಗಿನ ಕಲ್ಲುಕೊಡಲಿಯವರ ಕಾಲ, ಒಂದೊಂದಾಗಿ ಎಣಿಕೆಗೆ ಸಿಕ್ಕವು. ಇಸವಿಯೇ ಇಲ್ಲದ ನಮ್ಮ ಪೂರ್ವಿಕರಿಗೆ ಮೊದಲ ಸಲ ಒಂದು ಕಾಲಮಾನ ಒದಗಿದ್ದು ಇಟಲಿಯ ಊಟದ ತಟ್ಟೆಯಿಂದ.

ಆ ಲೆಕ್ಕದ ಬಹುಪಾಲು ಆಮೇಲೆ ಬದಲಾಯಿತು. ಗೆರೆ ತಟ್ಟೆಗಳು ಭಾರತದಲ್ಲೇ ತಯಾರಾದವು, ರೋಮನ್ನರ ವ್ಯಾಪಾರಕ್ಕಿಂತ ಮೊದಲೇ ಬಳಕೆಯಲ್ಲಿದ್ದವು ಎಂದು ಮುಂದಿನ ವಿದ್ವಾಂಸರು ತೋರಿಸಿದರು. ರೇಡಿಯೋ ಕಾರ್ಬನ್ ಪರೀಕ್ಷೆ ಬಂದ ಮೇಲೆ, ವೀಲರ್ ಕ್ರಿ.ಪೂ. ಒಂದನೆಯ ಸಹಸ್ರಮಾನಕ್ಕೆ ಇಳಿಸಿದ್ದ ಕರ್ನಾಟಕದ ಕಲ್ಲುಕೊಡಲಿ ಜನರ ಕಾಲ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಇದರಿಂದ ವೀಲರ್ ಅವರ ಕೆಲಸ ಸಣ್ಣದಾಯಿತೆಂದು ನನಗನ್ನಿಸುವುದಿಲ್ಲ. ಪದರ ಪದರವಾಗಿ ಅಗೆದು, ಪ್ರತಿ ಚೂರೂ ಎಲ್ಲಿ ಸಿಕ್ಕಿತೆಂದು ಬರೆದಿಟ್ಟಿದ್ದರಿಂದಲೇ ಮುಂದಿನವರು ಅದನ್ನು ತಿದ್ದಲು ಸಾಧ್ಯವಾಯಿತು.

ಚಂದ್ರವಳ್ಳಿಗೆ ಹೋದವರು ಅಂಕಲಿ ಮಠದ ಗುಹೆಗಳಿಗೆ ಇಳಿದು, ಕೆರೆ ನೋಡಿ ಹಿಂತಿರುಗುತ್ತಾರೆ. ಸ್ವಲ್ಪ ಹೊತ್ತು ಉಳಿಸಿಕೊಂಡು ಅಲ್ಲಿನ ಬಂಡೆಯ ಮೇಲಿರುವ ಪ್ರಾಕೃತ ಶಾಸನವನ್ನೂ ಹುಡುಕಿ ನೋಡಬೇಕು. ಡಾ. ಕೃಷ್ಣ ಓದಿ ಪ್ರಕಟಿಸಿದ ಆ ಶಾಸನ ಕದಂಬರ ಮಯೂರಶರ್ಮನದು, ಅಂದರೆ ಟೈಬೀರಿಯಸ್ಸನಿಗಿಂತ ಸುಮಾರು ಮುನ್ನೂರು ವರ್ಷ ಈಚಿನದು. ದೊರೆ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ.