ಹಳ್ಳಿಯ ಮಾತು, ಪಳ್ಳಿಯ ಪಾಠ: ಮೋಯಾರ್ ಸೀಮೆಯಲ್ಲಿ ಒಂದು ಮೊಬೈಲ್ ಪ್ರಯೋಗ

ಮಸಿನಗುಡಿ ಬಿಟ್ಟು ಏಳೆಂಟು ಕಿಲೋಮೀಟರು ಕಾಡುದಾರಿ ಹಿಡಿದರೆ ಮೋಯಾರ್. ಊರಿಗೂ ಹೊಳೆಗೂ ಒಂದೇ ಹೆಸರು. ಹೊಳೆಯ ಈಚೆ ಮುದುಮಲೆ, ಆಚೆ ನಮ್ಮ ಬಂಡೀಪುರ. ನಕ್ಷೆಯಲ್ಲಿ ಇದು ತಮಿಳುನಾಡಿನ ನೀಲಗಿರಿ ಜಿಲ್ಲೆ. ಆದರೆ ಮಸಿನಗುಡಿ, ಮಾವನಹಳ್ಳ, ಕಲ್ಲಹಟ್ಟಿ, ಬೊಕ್ಕಾಪುರ ಎಂಬ ಹೆಸರುಗಳನ್ನು ಕೇಳಿದವರಿಗೆ ಇಲ್ಲಿನ ಜನರ ಬಾಯಲ್ಲಿ ಯಾವ ಮಾತಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೆ ನಮ್ಮ ಕಡೆಯಿಂದ ಹೋಗಿಬಂದ ಓದುಗರು ಇದನ್ನು ಬಲ್ಲರು. ಕನ್ನಡದವರ ಜೊತೆಗೆ ಇರುಳರು, ಕುರುಂಬರು ತಮ್ಮ ತಮ್ಮ ನುಡಿಯೊಂದಿಗೆ ಇದ್ದಾರೆ. ಮಲಯಾಳದ ವ್ಯಾಪಾರಿಗಳೂ ಇದ್ದಾರೆ. ಮನೆಯಲ್ಲಿ ಒಂದು ಮಾತು, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮಾತ್ರ ತಮಿಳು.

ಪೈಕಾರದ ವಿದ್ಯುತ್ ಕೇಂದ್ರ ಶುರುವಾದದ್ದು 1932ರಲ್ಲಿ. ಅದೇ ನೀರನ್ನು ಮಸಿನಗುಡಿಯ ಮರವಕಂಡಿಯಲ್ಲಿ ಕಟ್ಟಿ ನಿಲ್ಲಿಸಿ, ಕೆಳಗೆ ಬಿಟ್ಟು, 1952ರ ಸುಮಾರಿಗೆ ಮೋಯಾರಿನಲ್ಲೂ 36 ಮೆಗಾವಾಟ್‌ನ ಕೇಂದ್ರ ನಡೆಸಿದರು. ಅಂದರೆ ಯಂತ್ರ, ತಂತಿ, ಎಂಜಿನಿಯರು ಇವೆಲ್ಲ ಈ ಕಾಡಿಗೆ ಹೊಸದೇನಲ್ಲ. ಹಾಗೆ ನೋಡಿದರೆ ಪಾಠದ ಕೋಣೆಗೆ ಯಂತ್ರ ಬಂದದ್ದೇ ತೀರಾ ತಡ.

ನಾನು ಗುಂಡ್ಲುಪೇಟೆ ಕಡೆಯವನು. ಮಸಿನಗುಡಿ ಕಡೆ ಹೋಗಿಬರುವುದು ವ್ಯಾಪಾರದ ನಂಟಿನಿಂದ. ಅಲ್ಲಿ ಪರಿಚಯವಾದ ರೈತರೊಬ್ಬರು ಒಂದು ದಿನ ಎರಡು ಕಾಗದ ಮುಂದಿಟ್ಟರು. ಒಂದು ಗುಂಡ್ಲುಪೇಟೆ ಮಂಡಿಯ ಚೀಟಿ, ಕನ್ನಡದಲ್ಲಿದೆ. ಇನ್ನೊಂದು ಅವರ ಜಮೀನಿನ ಪಟ್ಟಾ, ತಮಿಳಿನಲ್ಲಿದೆ. "ಅಣ್ಣಾ, ಈ ಚೀಟಿ ನಾನ್ ಓದ್ತೀನಿ, ನನ್ ಮಗಂಗೆ ಬರಕಿಲ್ಲ. ಈ ಪಟ್ಟಾ ಅವ್ನ್ ಓದ್ತಾನೆ, ನಂಗ್ ಬರಕಿಲ್ಲ. ಇಬ್ರೂ ಸೇರುದ್ರೆ ಒಬ್ಬ ಮನ್ಸ ಆಯ್ತೀವಿ ನೋಡು" ಎಂದು ನಕ್ಕರು. ನಗುವ ವಿಷಯ ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಗಡಿಯ ಎರಡೂ ಕಡೆ ವ್ಯವಹಾರ ಇಟ್ಟುಕೊಂಡ ಮನೆಗಳಲ್ಲಿ ಇದು ದಿನನಿತ್ಯದ ಕಥೆ.

ಇದಕ್ಕೆ ಶಾಲೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿಕೊಂಡು ಹೊರಟಾಗ ಸಿಕ್ಕವರು ಈ ಸೀಮೆಯ ಒಂದು ಸಣ್ಣ ಶಾಲೆಯ ಟೀಚರು. ಕೊಯಮತ್ತೂರು ಕಡೆಯವರು, ತಮಿಳು ಮನೆಮಾತು. ಇಲ್ಲಿಗೆ ಬಂದ ಮೇಲೆ ಕಲಿತ ಕನ್ನಡದಲ್ಲೇ ನನ್ನೊಡನೆ ಮಾತಾಡಿದರು. "ಪೇರು ಹಾಕಬೇಡಿ ಸಾರ್" ಎಂದಿದ್ದಾರೆ, ಹಾಕಿಲ್ಲ.

ಅವರು ಮಾಡಿದ ಕೆಲಸ ಬಹಳ ಸರಳ. ಒಂದು ದಿನ ತಮ್ಮ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು, ರೆಕಾರ್ಡಿಂಗ್ ಒತ್ತಿ, ಎಂದಿನಂತೆ ನಲವತ್ತು ನಿಮಿಷ ಪಾಠ ಮಾಡಿದರು. ರಾತ್ರಿ ಮನೆಯಲ್ಲಿ ಕೂತು ಅದನ್ನು ಕೇಳಿದರು.

"ನಾನು ಮಕ್ಕಳನ್ನ ಚೆನ್ನಾಗಿ ಮಾತಾಡಿಸ್ತೀನಿ ಅಂತ ಅಂದ್ಕೊಂಡಿದ್ದೆ ಸಾರ್. ಕೇಳಿದ್ರೆ ಪೂರಾ ನಂದೇ ಧ್ವನಿ. ಮಕ್ಕಳದು ಎಲ್ಲಾ ಸೇರಿ ಮೂರು ನಿಮಿಷ ಇಲ್ಲ. ಅದರಲ್ಲೂ 'ಆಮಾ ಟೀಚರ್', 'ಇಲ್ಲೆ ಟೀಚರ್' ಅಷ್ಟೇ."

ಎರಡನೆಯ ಸಲ ಕೇಳಿದಾಗ ಇನ್ನೊಂದು ಸಂಗತಿ ಕಿವಿಗೆ ಬಿತ್ತು. ಹಿಂದಿನ ಸಾಲಿನಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಕನ್ನಡದಲ್ಲಿ ಪಿಸುಗುಡುತ್ತಿದ್ದವು. ಗಲಾಟೆ ಮಾಡುತ್ತಿವೆ ಎಂದು ಅವರು ಗದರಿದ್ದೂ ರೆಕಾರ್ಡಿನಲ್ಲಿದೆ. ಆದರೆ ಗಮನವಿಟ್ಟು ಕೇಳಿದರೆ ಒಬ್ಬ ಹುಡುಗಿ ಪಕ್ಕದವಳಿಗೆ ಪಾಠವನ್ನೇ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. "ವೇಲೈ ಅಂದ್ರೆ ಟೈಮಲ್ಲ ಕಣೆ, ಕೆಲ್ಸ" ಎಂದು. ತಮಿಳಿನ 'ವೇಲೈ' ಎಂದರೆ ಕೆಲಸ. ಕನ್ನಡದ ಕಿವಿಗೆ ಅದು 'ವೇಳೆ' ಎಂದು ಬೀಳುತ್ತದೆ. ಟೀಚರು ಅರ್ಧ ಗಂಟೆ ಹೇಳಿದರೂ ಬಿಡದ ಗಂಟನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಬಿಡಿಸಿದ್ದಳು, ಬೈಸಿಕೊಂಡೂ ಇದ್ದಳು.

ಮರುದಿನದಿಂದ ಅವರು ತರಗತಿಯಲ್ಲಿ ಮೊಬೈಲನ್ನು ಮಕ್ಕಳ ಕೈಗೆ ಕೊಡತೊಡಗಿದರು. ಮನೆಯಲ್ಲಿ ಅಜ್ಜಿ ತಾತ ಹೇಳುವ ಪದಗಳನ್ನು ಮಕ್ಕಳು ತಂದು ರೆಕಾರ್ಡು ಮಾಡಬೇಕು. ಅದಕ್ಕೆ ತಮಿಳಿನಲ್ಲಿ ಏನೆನ್ನುತ್ತಾರೆ ಎಂದು ಅದರ ಪಕ್ಕದಲ್ಲೇ ಹೇಳಬೇಕು. ಹಾಲು – ಪಾಲ್. ಹುಲಿ – ಪುಲಿ. ಹೂ – ಪೂ. ಹಲ್ಲು – ಪಲ್. ಹತ್ತು – ಪತ್ತು. ಹೀಗೆ ಹತ್ತು ಹದಿನೈದು ಜೋಡಿ ಒಟ್ಟಿಗೆ ಕೇಳಿದ ಮೇಲೆ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ, "ಟೀಚರ್, ನಮ್ದು 'ಹ' ಬಂದ್ರೆ ನಿಮ್ದು 'ಪ'" ಎಂದನಂತೆ.

ಆ ಹುಡುಗ ಹೇಳಿದ್ದು ಭಾಷಾಶಾಸ್ತ್ರದ ಪುಸ್ತಕದಲ್ಲಿ ಇರುವ ಮಾತೇ. ಹಳಗನ್ನಡದಲ್ಲಿ ನಮ್ಮವರೂ ಪಾಲ್, ಪುಲಿ, ಪೂ ಎಂದೇ ಹೇಳುತ್ತಿದ್ದರು. ನಡುಗನ್ನಡ ಬರುವ ಹೊತ್ತಿಗೆ ಪದದ ಮೊದಲಿನ 'ಪ' ಹೋಗಿ 'ಹ' ಆಯಿತು. ತಮಿಳಿನಲ್ಲಿ 'ಪ' ಹಾಗೇ ಉಳಿಯಿತು. ಹಾಗೆಯೇ 'ಬ'ಗೂ 'ವ'ಗೂ ಲೆಕ್ಕವಿದೆ: ಬಾ – ವಾ, ಬಾಳೆ – ವಾಳೈ, ಬಿಲ್ಲು – ವಿಲ್. 'ಬೆಲೆ'ಗೆ 'ವಿಲೈ' ಎನ್ನುವುದು ಮೇಟ್ಟುಪಾಳಯದ ಮಂಡಿಗೆ ಹೋದ ನಮ್ಮ ತರಕಾರಿ ವ್ಯಾಪಾರಿಗಳಿಗೆಲ್ಲ ಗೊತ್ತು, ಯಾರೂ ಪಾಠ ಹೇಳಿಕೊಟ್ಟದ್ದಲ್ಲ. ನಮ್ಮ 'ಹಳ್ಳಿ' ಹಳಗನ್ನಡದಲ್ಲಿ 'ಪಳ್ಳಿ'. ತಮಿಳಿನಲ್ಲಿ ಇವತ್ತು 'ಪಳ್ಳಿ' ಎಂದರೆ ಶಾಲೆ. "ಹಳ್ಳಿಗ್ ಹೋಗಿ ಅಂದ್ರೆ ಮಕ್ಕಳು ಪಳ್ಳಿಗೆ ಬಂದುಬಿಡ್ತವೆ ಸಾರ್" ಎಂದು ಟೀಚರೇ ತಮಾಷೆ ಮಾಡಿದರು.

ಬರಹದಲ್ಲೂ ತೊಡಕಿದೆ. ತಮಿಳಿನಲ್ಲಿ ಕ–ಗ ಎರಡಕ್ಕೂ ಒಂದೇ ಅಕ್ಷರ, ಪ–ಬ ಎರಡಕ್ಕೂ ಒಂದೇ ಅಕ್ಷರ. ಮನೆಯಲ್ಲಿ ಎರಡನ್ನೂ ಬೇರೆ ಬೇರೆ ಕೇಳಿ ಬೆಳೆದ ಮಗು ಉಕ್ತಲೇಖನದಲ್ಲಿ ಪೆನ್ಸಿಲು ಕಚ್ಚಿಕೊಂಡು ಕೂರುತ್ತದೆ. ಇದನ್ನು ದಡ್ಡತನ ಎಂದು ಬರೆದುಕೊಂಡರೆ ಆ ಮಗು ಐದನೇ ಕ್ಲಾಸಿನ ಹೊತ್ತಿಗೆ ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಬಾಯಿ ಮುಚ್ಚಿದ ಮಗು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಈ ಸೀಮೆಯವರಿಗೆ ಗೊತ್ತು. ಒಂದೋ ದನದ ಹಿಂದೆ, ಇಲ್ಲವೇ ರೆಸಾರ್ಟಿನ ಪಾತ್ರೆ ತೊಳೆಯಲು. ದನದ ಮಾತು ಬಂದದ್ದರಿಂದ ಹೇಳಬೇಕು: ಇಲ್ಲಿಯ ದನಗಳಿಗೆ ಹಾಲಿಗಿಂತ ಗೊಬ್ಬರದ ಲೆಕ್ಕ ದೊಡ್ಡದು, ಅದು ಲಾರಿಗಟ್ಟಲೆ ಕೇರಳದ ತೋಟಗಳಿಗೆ ಹೋಗುತ್ತದೆ. ಟೀಚರು ಗುಣಾಕಾರವನ್ನೂ ಆ ಲಾರಿಗಳಲ್ಲೇ ಮಾಡಿಸುತ್ತಾರೆ. ಮಕ್ಕಳು ತಪ್ಪುವುದು ಕಡಿಮೆ.

ಆಕಾಶದಿಂದ ಬಂದ ಪಾಠ

ಹೊಳೆಯ ಆಚೆ, ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ, ಇದಕ್ಕಿಂತ ದೊಡ್ಡ ಪ್ರಯೋಗ ನಡೆದಿತ್ತು. ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹವನ್ನು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿಸಿದರಷ್ಟೆ. ಕರ್ನಾಟಕದಲ್ಲಿ ಅದರ ಪ್ರಾಥಮಿಕ ಶಾಲೆಯ ಪ್ರಯೋಗಕ್ಕೆ ಆರಿಸಿದ್ದು ಚಾಮರಾಜನಗರವನ್ನು. 885 ಶಾಲೆಗಳಿಗೆ ಡಿಶ್ಶು, ಟಿ.ವಿ. ಬಂದವು, ಬೆಂಗಳೂರಿನಿಂದ ಪಾಠ ಬಂತು. ಅದಕ್ಕೂ ಹಿಂದೆ, 1975ರ ಆಗಸ್ಟಿನಿಂದ ಒಂದು ವರ್ಷ, 'ಸೈಟ್' ಎಂಬ ಯೋಜನೆಯಲ್ಲಿ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕೊಟ್ಟಿದ್ದರು, ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು.

ಎಜುಸ್ಯಾಟ್ ಕಾಲದಲ್ಲಿ ಪಾಠ ಮಾಡಿ ಈಗ ನಿವೃತ್ತರಾಗಿರುವ ನಮ್ಮ ಕಡೆಯ ಮೇಷ್ಟ್ರೊಬ್ಬರನ್ನು ಕೇಳಿದೆ. "ಏನಪ್ಪಾ ಹೇಳ್ಲಿ, ಚಿತ್ರಗಳು ಚೆನ್ನಾಗಿರೋವು. ಹೃದಯ ಹೆಂಗ್ ಬಡೀತದೆ ಅಂತ ನಾನು ಬೋರ್ಡಿನ ಮೇಲೆ ಬರೆದು ತೋರ್ಸಕ್ಕಾಗ್ತದಾ? ಆದ್ರೆ ಟಿ.ವಿ.ಯೊಳಗಿನ ಮೇಡಂ ಪ್ರಶ್ನೆ ಕೇಳ್ತಿದ್ರು, ನಮ್ಮ ಹುಡುಗ್ರು ಎದ್ದು ನಿಂತು ಉತ್ತರ ಹೇಳ್ತಿದ್ರು. ಆಯಮ್ಮಂಗೆ ಕೇಳುಸ್ಬೇಕಲ್ಲ!"

ಆ ವ್ಯವಸ್ಥೆ ಒಂದೇ ದಿಕ್ಕಿನದು. ಶಾಲೆಯಲ್ಲಿದ್ದದ್ದು ಪಾಠವನ್ನು ಇಳಿಸಿಕೊಳ್ಳುವ ಪೆಟ್ಟಿಗೆ ಮಾತ್ರ. ಹಾಗಾಗಿ ಟಿ.ವಿ. ಹಾಕುವ ಮೊದಲು ಹತ್ತು ನಿಮಿಷ, ಆರಿಸಿದ ಮೇಲೆ ಹತ್ತು ನಿಮಿಷ ತಾವೇ ಮಾತಾಡಿಸಿದ ದಿನ ಮಕ್ಕಳಿಗೆ ಏನಾದರೂ ಉಳಿಯುತ್ತಿತ್ತು, ಉಳಿದ ದಿನ ಅದು ಸಿನಿಮಾ ಆಗುತ್ತಿತ್ತು ಎಂದು ಮೇಷ್ಟ್ರು ಹೇಳುತ್ತಾರೆ. ಎಜುಸ್ಯಾಟ್ 2010ರಲ್ಲಿ ಕೆಲಸ ಮುಗಿಸಿತು.

ಇನ್ನೊಂದು ದಾರಿಯೂ ಇತ್ತು, ಅದೂ ನಮ್ಮ ನೆರೆಯಲ್ಲೇ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಪದ್ಧತಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು 'ನಲಿ ಕಲಿ' ಶುರುಮಾಡಿದರು. 2009ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಹರಡಿತು. ತಮಿಳುನಾಡಿನಲ್ಲೂ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ ಶುರುವಾದ ಕಾರ್ಡಿನ ಪದ್ಧತಿಗೆ ಅದೇ ರಿಷಿವ್ಯಾಲಿಯೇ ಮೂಲ. ಗಡಿಯ ಎರಡು ಕಡೆಯ ಮಕ್ಕಳು ಒಂದೇ ಗಿಡದ ಹಣ್ಣು ತಿಂದಿದ್ದಾರೆ. ಎರಡು ಕಡೆಯ ಶಿಕ್ಷಕರು ಮಾತ್ರ ಒಂದು ದಿನವೂ ಒಟ್ಟಿಗೆ ಕೂತು ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ನನ್ನ ಮಟ್ಟಿಗೆ ರಟ್ಟಿನ ಕಾರ್ಡೂ ಒಂದು ತಂತ್ರಜ್ಞಾನವೇ. ಕರೆಂಟು ಬೇಡ, ಸಿಗ್ನಲ್ ಬೇಡ. ಬರೆದವರು ಶಿಕ್ಷಕರೇ ಆದ್ದರಿಂದ ಹೊಂದದಿದ್ದರೆ ಬದಲಿಸಲೂ ಬರುತ್ತಿತ್ತು.

ಸಿಗ್ನಲ್ ಸಿಗದ ವರ್ಷಗಳು

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ತಮಿಳುನಾಡಿನಲ್ಲಿ ಅದಕ್ಕೆ ಮುಂಚೆಯೇ, 2019ರ ಆಗಸ್ಟಿನಲ್ಲಿ, 'ಕಲ್ವಿ' ಟಿ.ವಿ. ಶುರುವಾಗಿತ್ತು. ಕರ್ನಾಟಕದಲ್ಲಿ ಚಂದನ ವಾಹಿನಿಯಲ್ಲಿ ಪಾಠ ಬಂತು. ಆಗಸ್ಟಿನಲ್ಲಿ 'ವಿದ್ಯಾಗಮ' ಎಂದು ಮರದಡಿ, ಜಗುಲಿ ಮೇಲೆ ಪಾಠ ಶುರುಮಾಡಿ ಅಕ್ಟೋಬರಿನಲ್ಲಿ ನಿಲ್ಲಿಸಿದರು. ಡಿಶ್ ಇದ್ದ ಮನೆಯಲ್ಲಿ ಚಂದನ ಹಾಕಿದರೆ ಮಗುವಿಗೆ ಮಾತು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಕಲ್ವಿ ಟಿ.ವಿ. ಹಾಕಿದರೆ ಅಕ್ಷರ ಬರುತ್ತದೆ, ಮಾತು ಓಡಿಹೋಗುತ್ತದೆ. ಕಾಡಂಚಿನ ಮನೆಗಳಲ್ಲಿ ಮೊಬೈಲ್ ಹಿಡಿದು ದಿಬ್ಬ ಹತ್ತಿದರೆ ಸಿಗ್ನಲ್ ಸಿಕ್ಕೀತು, ಜೊತೆಗೆ ಆನೆಯೂ ಸಿಕ್ಕೀತು.

ಆಮೇಲೆ 2021ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ 'ಇಲ್ಲಂ ತೇಡಿ ಕಲ್ವಿ', ಅಂದರೆ ಮನೆ ಹುಡುಕಿಕೊಂಡು ಬರುವ ವಿದ್ಯೆ, ಎಂದು ಸಂಜೆಯ ಪಾಠ ಶುರುಮಾಡಿತು. ಹೇಳಿಕೊಡುವವರು ಆಯಾ ಊರಿನ ಸ್ವಯಂಸೇವಕರು. ಟೀಚರ ಅಭಿಪ್ರಾಯದಲ್ಲಿ ಮಕ್ಕಳು ಆ ಎರಡು ವರ್ಷದ ನಷ್ಟದಿಂದ ಸ್ವಲ್ಪವಾದರೂ ಎದ್ದದ್ದು ಅಲ್ಲಿ. ಕಾರಣ ಕೇಳಿದರೆ, "ಆ ಅಕ್ಕ ಅವರ ಭಾಷೇಲಿ ಬೈತಾಳೆ ಸಾರ್, ಅದಕ್ಕೆ" ಎಂದರು.

ಈಗ ಸಾಮಾನಿಗೆ ಕೊರತೆ ಕಡಿಮೆ. ತಮಿಳುನಾಡಿನ ಪಠ್ಯಪುಸ್ತಕಗಳಲ್ಲಿ 2018ರಿಂದ ಕ್ಯೂಆರ್ ಚೌಕಗಳಿವೆ. ಮೊಬೈಲ್ ಹಿಡಿದರೆ ವಿಡಿಯೋ ಬರುತ್ತದೆ. 2024ರಲ್ಲಿ ಪ್ರಾಥಮಿಕ ಶಿಕ್ಷಕರಿಗೆ ಟ್ಯಾಬ್ಲೆಟ್ ಕೊಟ್ಟರು. ನೆಟ್‌ವರ್ಕ್ ಕೈಕೊಡುವ ಕಡೆ ನಮ್ಮ ಟೀಚರು ಮಸಿನಗುಡಿಗೆ ಬಂದ ದಿನ ವಾರಕ್ಕಾಗುವಷ್ಟು ಪಾಠ ಇಳಿಸಿಕೊಂಡು ಹೋಗುತ್ತಾರೆ. ವಿಡಿಯೋ ಹಾಕುವಾಗ ಮೊದಲು ಶಬ್ದ ಪೂರಾ ಮುಚ್ಚಿ ಚಿತ್ರ ಮಾತ್ರ ತೋರಿಸುತ್ತಾರೆ. ಏನು ನಡೆಯುತ್ತಿದೆ ಎಂದು ಮಕ್ಕಳು ತಮಗೆ ಬಂದ ಮಾತಿನಲ್ಲಿ ಹೇಳಬೇಕು, ಕನ್ನಡವಾಗಲಿ ಇರುಳರ ನುಡಿಯಾಗಲಿ. ಎರಡನೇ ಸಲ ಶಬ್ದ ಕೊಟ್ಟು ತಮಿಳು ಕೇಳಿಸುತ್ತಾರೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲವಂತೆ. ತಮ್ಮದೇ ರೆಕಾರ್ಡಿಂಗ್ ಕೇಳಿ ಕೇಳಿ ಹೊಳೆದದ್ದು. ಈಚೆಗಿನ ರೆಕಾರ್ಡಿನಲ್ಲಿ ಮಕ್ಕಳ ಮಾತು ಹದಿನೈದು ನಿಮಿಷ ದಾಟಿದೆ ಎಂದು ತೋರಿಸಿದರು. ಗಲಾಟೆಯೂ ಅಷ್ಟೇ ಹೆಚ್ಚಿದೆ, ಅದನ್ನೂ ಕೇಳಿಸಿಕೊಂಡೆ.

ಮೊಬೈಲ್ ಬಂದಮೇಲೆ ಎರಡನೆಯ ಲಿಪಿ ಕಲಿಯುವ ಗೋಜು ಏಕೆ ಎನ್ನುವವರೂ ಇದ್ದಾರೆ. ಗೂಗಲ್ ಅನುವಾದಕ್ಕೆ ಕನ್ನಡ, ತಮಿಳು ಎರಡೂ ಸೇರಿದ್ದು 2011ರಲ್ಲಿ. ಈಗ ಕ್ಯಾಮರಾ ಹಿಡಿದರೆ ಓದಿಯೂ ಹೇಳುತ್ತದೆ. ಮೇಲೆ ಹೇಳಿದ ರೈತರ ಮಗ ಅಪ್ಪನ ಮಂಡಿ ಚೀಟಿಗೆ ಹಾಗೆ ಹಿಡಿದು ನನಗೆ ತೋರಿಸಿದ. ಅಚ್ಚಿನ ತಲೆಬರಹವನ್ನು ಅದು ಸಲೀಸಾಗಿ ಓದಿತು. ಗುಮಾಸ್ತೆ ಕೈಯಲ್ಲಿ ಗೀಚಿದ ತೂಕ, ಕಮಿಷನ್ನು, ಹಮಾಲಿ ಬಂದಾಗ ತಡವರಿಸಿತು. ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ, ಚೀಟಿಯಲ್ಲಿ ಓದಬೇಕಾದ್ದು ಆ ಮೂರೇ. ಹುಡುಗನಿಗೆ ಕನ್ನಡದ ಅಂಕಿ, ಐವತ್ತು ಅಕ್ಷರ ಗೊತ್ತಿದ್ದರೆ ಮೊಬೈಲ್ ಎಡವಿದಲ್ಲಿ ತಾನೇ ನೋಡಿಕೊಳ್ಳುತ್ತಿದ್ದ.

ತಮಿಳುನಾಡಿನಲ್ಲಿ 2006ರ ಕಾಯ್ದೆಯ ಪ್ರಕಾರ ತಮಿಳು ಕಲಿಯಲೇಬೇಕು. ಇರುವ ನೆಲದ ಮಾತು ಕಲಿಯುವುದರಲ್ಲಿ ತಕರಾರಿಲ್ಲ ಎಂದು ಇಲ್ಲಿಯ ತಂದೆತಾಯಿಯರೇ ಹೇಳುತ್ತಾರೆ. ಪಟ್ಟಾ, ರೇಷನ್ ಕಾರ್ಡು, ಆಸ್ಪತ್ರೆ ಎಲ್ಲ ಅದರಲ್ಲೇ ಇವೆ. ಅವರು ಕೇಳುವುದು, ವಾರಕ್ಕೆ ಎರಡು ಗಂಟೆ ಕನ್ನಡ ಅಕ್ಷರಕ್ಕೂ ಯಾರಾದರೂ ಜಾಗ ಮಾಡಿಯಾರೇ ಎಂದು. ಟೀಚರಿಗೆ ಕನ್ನಡ ಮಾತು ಬರುತ್ತದೆ, ಬರಹ ಬರುವುದಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಹೇಳಿದರು: ಮಕ್ಕಳ ಪದಗಳ ರೆಕಾರ್ಡನ್ನು ನಿವೃತ್ತ ಮೇಷ್ಟ್ರಿಗೆ ಕಳಿಸುವುದು, ಅವರು ಒಂದೊಂದು ಪದಕ್ಕೆ ಒಂದೊಂದು ಕಾರ್ಡು ಕನ್ನಡದಲ್ಲಿ ಬರೆಯುವುದು, ಹಿಂಬದಿಯಲ್ಲಿ ತಾವು ತಮಿಳಿನಲ್ಲಿ ಬರೆಯುವುದು.

ಮೇಷ್ಟ್ರಿಗೆ ಹೇಳಿದೆ. "ರಟ್ಟು ತಂದ್ಕೊಡು, ಬರೀತೀನಿ" ಎಂದಿದ್ದಾರೆ. ಮೊದಲ ಕಂತಿಗೆ ಅರವತ್ತು ಪದ ಬಂದಿವೆ. ಹುಲಿ, ಹಾಲು, ಹೂ ಅದರಲ್ಲಿವೆ; ಹಮಾಲಿ, ಕಮಿಷನ್ನು ಎರಡನ್ನೂ ಸೇರಿಸಿ ಎಂದು ಆ ರೈತರು ಹೇಳಿ ಕಳಿಸಿದ್ದಾರೆ.