ತಂತಿ ಬದಲಾದರೆ ಹಾಡು ಬದಲಾದೀತೆ?

ಕಳೆದ ವರ್ಷ ನಮ್ಮ ಭಾವ ಸ್ಪೀಕರಿನ ಹಳೆಯ ತಂತಿ ಬಿಚ್ಚಿ, ಹೆಬ್ಬೆರಳು ಗಾತ್ರದ ಹೊಸ ಕೇಬಲ್ ಹಾಕಿಸಿದರು. ಆಂಪ್ಲಿಫೈಯರಿನ ಬೆಲೆಯ ಅರ್ಧದಷ್ಟು ದುಡ್ಡು ಅದಕ್ಕೇ ಹೋಗಿತ್ತು. “ಬಾರೋ, ತಂಬೂರಿ ಹೇಗೆ ಕೇಳುತ್ತೆ ನೋಡು” ಎಂದು ಕರೆದರು. ಹೋಗಿ ಕೇಳಿದೆ. ತಂಬೂರಿಯ ನಾದ ತಿಳಿಯಾಗಿತ್ತು, ಹಾಡುವವರ ಉಸಿರು ಪಕ್ಕದಲ್ಲೇ ಇದ್ದಂತಿತ್ತು. ವ್ಯತ್ಯಾಸ ನನಗೂ ಕೇಳಿಸಿತು. ಮುಂದೆ ಹೇಳುವುದಕ್ಕೆಲ್ಲ ಈ ಮಾತೇ ಆಧಾರ.

ಊಟವಾದ ಮೇಲೆ ಆಂಪ್ಲಿಫೈಯರ್, ಸ್ಪೀಕರುಗಳ ಮುಂದೆ ಒಂದು ಬೆಡ್‌ಶೀಟ್ ಕಟ್ಟಿದೆವು. ಅಕ್ಕನ ಮಗಳು ಅದರ ಹಿಂದೆ ಕೂತಳು. ಅವಳು ನಾಣ್ಯ ಚಿಮ್ಮಬೇಕು, ಹೆಡ್ ಬಿದ್ದರೆ ಹೊಸ ಕೇಬಲ್, ಟೇಲ್ ಬಿದ್ದರೆ ಹಳೆಯ ತಂತಿ ಸಿಕ್ಕಿಸಬೇಕು, ಬಾಯಿ ಬಿಡಬಾರದು. ವಾಲ್ಯೂಮನ್ನು ಯಾರೂ ಮುಟ್ಟುವಂತಿಲ್ಲ. ಒಂದೇ ಹಾಡಿನ ಅದೇ ಎರಡು ನಿಮಿಷವನ್ನು 10 ಸಲ ಕೇಳಿದೆವು. ಭಾವ ಸರಿಯಾಗಿ ಗುರುತಿಸಿದ್ದು 5 ಸಲ, ನಾನು 4 ಸಲ. ಕಣ್ಣು ಮುಚ್ಚಿ ಊಹಿಸಿದ್ದರೂ ಇಷ್ಟೇ ಬರುತ್ತಿತ್ತು.

ಹಳೆಯದು ಯಾವ ತಂತಿ ಎಂದರೆ, ಮನೆಯ ಪವರ್ ಪಾಯಿಂಟಿಗೆ ಎಲೆಕ್ಟ್ರಿಷಿಯನ್ ಎಳೆಯುವ 2.5 ಚದರ ಮಿ.ಮೀ.ನ ತಾಮ್ರದ್ದು. ಆಂಪ್ಲಿಫೈಯರಿನಿಂದ ಸ್ಪೀಕರಿಗೆ 5 ಮೀಟರ್, ಹೋಗಿ ಬರುವ ದಾರಿ 10 ಮೀಟರ್. ಅಷ್ಟು ಉದ್ದಕ್ಕೆ ಅದರ ರೋಧ ಸುಮಾರು 0.07 ಓಮ್. ಸ್ಪೀಕರಿನದು 8 ಓಮ್. ತಂತಿಯಲ್ಲಿ ಸೋರಿಹೋಗುವ ವೋಲ್ಟೇಜು ನೂರಕ್ಕೆ ಒಂದು ಪಾಲೂ ಇಲ್ಲ. ಸದ್ದಿನ ಲೆಕ್ಕದಲ್ಲಿ ಅದು 0.1 ಡೆಸಿಬೆಲ್‌ಗಿಂತ ಕಡಿಮೆ, ಪಳಗಿದ ಕಿವಿಗೂ ನಿಲುಕದಷ್ಟು. ಎಷ್ಟೇ ಸಾವಿರ ಕೊಟ್ಟು ತಂದ ಕೇಬಲ್ಲಾದರೂ ಉಳಿಸಿಕೊಡಬಹುದಾದದ್ದು ಆ 0.1ರೊಳಗಿನ ಚೂರು ಮಾತ್ರ.

ಹಾಗೆಂದು ತಂತಿ ಯಾವುದಾದರೂ ನಡೆಯುತ್ತದೆ ಎಂದಲ್ಲ. ಅಗ್ಗದ ಸೆಟ್ಟುಗಳ ಜೊತೆ ದಾರದಂಥ ತಂತಿ ಕೊಟ್ಟಿರುತ್ತಾರೆ. 0.2 ಚದರ ಮಿ.ಮೀ.ನ ಅಂಥ ತಂತಿಯನ್ನು ಅಷ್ಟೇ ದೂರ ಎಳೆದರೆ ರೋಧ 0.8 ಓಮ್ ದಾಟುತ್ತದೆ. ಸ್ಪೀಕರ್ 4 ಓಮಿನದಾದರೆ ಒಂದೂವರೆ ಡೆಸಿಬೆಲ್‌ಗಿಂತ ಹೆಚ್ಚು ಖೋತಾ. ಸ್ಪೀಕರಿನ ರೋಧ ಒಂದೊಂದು ಸ್ವರಕ್ಕೆ ಒಂದೊಂದು ಥರ ಇರುವುದರಿಂದ ಈ ಖೋತಾ ಎಲ್ಲ ಸ್ವರಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಹಾಡಿನ ಬಣ್ಣವೇ ಬದಲಾಗುತ್ತದೆ. ಇದು ಕಿವಿಗೆ ಕೇಳಿಸುವ ವ್ಯತ್ಯಾಸ. ಗ್ರಾಮಫೋನ್ ತಟ್ಟೆ ನುಡಿಸುವವರಿಗೂ ತಂತಿ ಮುಖ್ಯ: ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಡ್ಜಿಗೆ ಜೋಡಿಸಿದ ಕೇಬಲ್ಲಿನ ಕೆಪಾಸಿಟೆನ್ಸ್ ಹೆಚ್ಚಾದರೆ ಮೇಲಿನ ಸ್ವರಗಳು ಏರುಪೇರಾಗುತ್ತವೆ. ಇನ್ನು, ಟಿ.ವಿ.ಯನ್ನೂ ಆಂಪ್ಲಿಫೈಯರನ್ನೂ ಬೇರೆ ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿದಾಗ ಸ್ಪೀಕರಿನಲ್ಲಿ ‘ಗುಂಯ್’ ಎನ್ನುವ ಸದ್ದು ಬಂದರೆ, ಅದು ಅರ್ಥಿಂಗ್ ದಾರಿಯಲ್ಲಿ ಸುತ್ತುಹಾಕುವ 50 ಹರ್ಟ್ಸ್ ಕರೆಂಟಿನ ಕಾಟ. ಅದಕ್ಕೆ ದುಬಾರಿ ಕೇಬಲ್ ಬೇಡ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ.

ಡಿಜಿಟಲ್ ಕಡೆಯ ಕಥೆ ಬೇರೆ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ತಂದ ಸಿ.ಡಿ.ಯಲ್ಲಿ ಹಾಡು ಅಂಕಿಗಳಾಗಿ ಕೂತಿದೆ: ಸೆಕೆಂಡಿಗೆ 44,100 ಅಳತೆ, ಒಂದೊಂದಕ್ಕೆ 16 ಬಿಟ್. ತಟ್ಟೆಯ ಮೇಲೆ ಎರಡು ಮಿಲಿಮೀಟರಿನಷ್ಟು ಗೀರು ಬಿದ್ದರೂ, ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ 1960ರಲ್ಲಿ ಕಂಡುಹಿಡಿದ ಗಣಿತದ ಬಲದಿಂದ ಪ್ಲೇಯರು ಕಳೆದುಹೋದ ಅಂಕಿಗಳನ್ನು ಇದ್ದಂತೆಯೇ ಮರಳಿ ಪಡೆಯುತ್ತದೆ. ಇಂಟರ್‌ನೆಟ್ಟಿನಲ್ಲಿ ಬರುವ ಹಾಡಿನ ಒಂದು ತುಣುಕು ದಾರಿಯಲ್ಲಿ ತಪ್ಪಿಹೋದರೆ ಅದನ್ನು ಮತ್ತೆ ತರಿಸಿಕೊಳ್ಳುವ ಏರ್ಪಾಡಿದೆ. ಎಚ್‌ಡಿಎಂಐ ಕೇಬಲ್ ಕೆಟ್ಟರೆ ಸದ್ದು ಕಡಿದು ಕಡಿದು ಬರುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಒಂದು ಬಿಟ್ ತಪ್ಪಿದ್ದಕ್ಕೆ ವೀಣೆಯ ಮಾಧುರ್ಯ ಮಾತ್ರ ತುಸು ಕುಂದಿತು ಎಂಬುದು ಆಗದ ಮಾತು. ಅಂಕಿಗಳು ಬರುವ ಹೊತ್ತು ಅಷ್ಟಿಷ್ಟು ಹಿಂದೆಮುಂದೆ ಆಗುವ ‘ಜಿಟರ್’ ಎಂಬ ದೋಷ ಉಂಟು, ನಿಜ. ಆದರೆ ಅಂಕಿಗಳನ್ನು ಮತ್ತೆ ಸದ್ದಾಗಿಸುವ ಈಗಿನ ಒಳ್ಳೆಯ ಡಿಎಸಿಗಳು ಅವನ್ನು ಮೊದಲು ಕೂಡಿಟ್ಟುಕೊಂಡು, ತಮ್ಮದೇ ಗಡಿಯಾರದ ತಾಳಕ್ಕೆ ಬಿಡುತ್ತವೆ.

ಸಿ.ಡಿ.ಗಿಂತ ಮೇಲಿನ ‘ಹೈ-ರೆಸ್’ ಹಾಡುಗಳ ವಿಚಾರ? 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಅಂಥ ಧ್ವನಿಯನ್ನು ನೇರವಾಗಿಯೂ, ಸಿ.ಡಿ. ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. 554 ಸಲದಲ್ಲಿ ಸರಿ ಉತ್ತರ 276. ಆಮೇಲೆ 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿ ಉತ್ತರ ನೂರಕ್ಕೆ 52.3 ಬಂತು. ಅಂದರೆ ಕೇಳಿಸುವ ವ್ಯತ್ಯಾಸ ಸೊನ್ನೆಯಲ್ಲ, ಆದರೆ ಬಲು ಸಣ್ಣದು. ಹಾಡನ್ನು ತೀರಾ ಹಿಂಡಿ ಕಿರಿದು ಮಾಡಿದ ಎಂಪಿ3 ಕಡತಕ್ಕೂ ಸಿ.ಡಿ.ಗೂ ಇರುವ ಅಂತರ ಇದಕ್ಕಿಂತ ಎಷ್ಟೋ ದೊಡ್ಡದು.

ಹಾಗಾದರೆ ಅಂದು ನಮ್ಮಿಬ್ಬರಿಗೂ ಕೇಳಿಸಿದ್ದು ಏನು? ಸುಳ್ಳಂತೂ ಅಲ್ಲ. ಕಿವಿ ತಂದದ್ದನ್ನು ಮಿದುಳು ತನ್ನ ನಿರೀಕ್ಷೆಯ ಜೊತೆ ಸೇರಿಸಿಯೇ ನಮಗೆ ಬಡಿಸುವುದು. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಅದೇ ಕೇಳುಗರಿಗೆ ಅದೇ ಸ್ಪೀಕರುಗಳನ್ನು ಕಾಣುವಂತೆಯೂ ಪರದೆಯ ಹಿಂದೆಯೂ ಇಟ್ಟು ಕೇಳಿಸಿದಾಗ, ಕೊಟ್ಟ ಅಂಕಗಳೇ ಬೇರೆಯಾದವು. ಅಂದು ಹೊಸ ಕೇಬಲ್ಲೂ ಅದರ ಬೆಲೆಯೂ ಭಾವನ ಸಂಭ್ರಮವೂ ಸೇರಿ ತಂಬೂರಿಯನ್ನು ಶ್ರುತಿ ಮಾಡಿದ್ದವು.

ಕೇಬಲ್ಲಿಗಿಂತ ನೂರು ಪಾಲು ಕೆಲಸ ಮಾಡುವುದು ಕೋಣೆ. ನಮ್ಮ ಮನೆಗಳಲ್ಲಿ ಟೈಲ್ಸ್ ನೆಲ, ಬೋಳು ಸಿಮೆಂಟ್ ಗೋಡೆ. ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ಅದರ ಬಾಲ ಗೋಡೆಯಿಂದ ಗೋಡೆಗೆ ಓಡಾಡುವುದು ಕೇಳುತ್ತದೆ. ಹಾಡೂ ಹಾಗೇ ಕಲಸಿಹೋಗುತ್ತದೆ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಆಸುಪಾಸಿನ ಗಂಭೀರ ಸ್ವರ ಎರಡು ತುದಿಯ ಗೋಡೆಗಳ ಬಳಿ ಉಬ್ಬಿ, ನಟ್ಟನಡುವೆ ಅಡಗಿಬಿಡುತ್ತದೆ. ಕುರ್ಚಿಯನ್ನು ಎರಡಡಿ ಹಿಂದಕ್ಕೆ ಎಳೆದರೆ ಆ ಸ್ವರ ಮರಳಿ ಬರುತ್ತದೆ, ಖರ್ಚು ಏನೂ ಇಲ್ಲ. ಭಾವನ ಮನೆಯಲ್ಲಿ ಒಂದು ಜಮಖಾನ ಹಾಸಿ ದಪ್ಪ ಪರದೆ ಇಳಿಬಿಟ್ಟ ದಿನ ಆದ ಬದಲಾವಣೆಯನ್ನು ಯಾರೂ ಊಹಿಸಬೇಕಾಗಲಿಲ್ಲ.

ನೀವೂ ಕೇಬಲ್ ಕೊಳ್ಳುವವರಿದ್ದರೆ, ಇಷ್ಟವಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಮೊದಲೇ ಕೇಳಿ. ಮನೆಗೆ ತಂದು ಬೆಡ್‌ಶೀಟ್ ಕಟ್ಟಿ 10 ಸಲ ಕೇಳಿ. 7 ಸರಿಯಾದರೆ ಸಾಲದು, ಅಷ್ಟೋ ಅದಕ್ಕಿಂತ ಹೆಚ್ಚೋ ಬರಿಯ ಊಹೆಯಲ್ಲೇ ನೂರಕ್ಕೆ 17 ಬಾರಿ ಬರುತ್ತದೆ. 9 ಸರಿಯಾದರೆ ಆ ಕೇಬಲ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಿಂದಿರುಗಿಸಿ, ಆ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಿ.